ದೊಡ್ಡದನ್ನು ದೊಡ್ಡದು ಮಾಡುವ ವಿಧಿ

ಯಾವುದನ್ನೇ ಆಗಲಿ ಶುರು ಮಾಡುವುದರಲ್ಲಿ ಹೆಚ್ಚುಗಾರಿಕೆಯಿಲ್ಲ, ಕ್ರಮವಾಗಿ ಮುಗಿಸುವುದರಲ್ಲಿ ಮನುಷ್ಯನ ಯೋಗ್ಯತೆ ತಿಳಿಯುತ್ತದೆ. ಈ ಗಂಭೀರವಾದ ಮಾತನ್ನು ನಾನು ಮೊದಲು ಕೇಳಿದ್ದು ಚಿಂತಾಮಣಿ ಬಸ್ ಸ್ಟ್ಯಾಂಡಿನಲ್ಲಿ, ಬಹಳ ಹೊತ್ತಿನಿಂದ "ಹೊರಟೇಬಿಡ್ತು, ಹೊರಟೇಬಿಡ್ತು" ಎಂದು ಕೂಗುತ್ತ ನಿಂತಲ್ಲೇ ನಿಂತಿದ್ದ ಗೌರಿಬಿದನೂರು ಬಸ್ಸಿನ ಕಂಡಕ್ಟರ್ ಬಾಯಲ್ಲಿ. ಆದ್ದರಿಂದ ಅದಕ್ಕೆ ಎಷ್ಟು ಬೆಲೆ ಕೊಡಬೇಕೋ ಅಷ್ಟನ್ನೇ ಕೊಟ್ಟಿದ್ದೇನೆ.

ನಿಜ ಹೇಳಬೇಕೆಂದರೆ ನಮ್ಮ ಕಡೆ ಯಾವುದನ್ನೂ ಮುಗಿಸುವ ಪದ್ಧತಿಯೇ ಇಲ್ಲ, ಬಾಯಿಮಾತಿನಲ್ಲಂತೂ ಇಲ್ಲವೇ ಇಲ್ಲ. ದೀಪ ಆರಿಸು ಅನ್ನುವಂತಿಲ್ಲ, ದೀಪ ದೊಡ್ಡದು ಮಾಡು ಅನ್ನಬೇಕು. ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ಡಬ್ಬದ ತಳ ಕಂಡರೂ ಅಕ್ಕಿ ಇಲ್ಲ ಅನ್ನದೆ ಅಕ್ಕಿ ತರಬೇಕು ಅನ್ನಬೇಕು. ಇನ್ನು ಮನೆಯಿಂದ ಹೊರಡುವವನು "ಹೋಗ್ತೀನಿ" ಅಂದರೆ ಒಳಗಿನಿಂದ ಅಜ್ಜಿ ಎದೆ ಹಿಡಿದುಕೊಂಡು ಬರುತ್ತಾಳೆ. ಅವನು ಪೂರ್ತಿ ಬೆನ್ನು ತಿರುಗಿಸಿ, ಚಪ್ಪಲಿ ಮೆಟ್ಟಿ, ಬೀದಿಗಿಳಿಯುತ್ತ "ಬರ್ತೀನಿ" ಅನ್ನಬೇಕು. ತೆಲುಗು ಮಾತಾಡುವ ಮನೆಗಳಲ್ಲೂ ಇದೇ ಕಾಯಿದೆ. ಅವರು "ವಸ್ತಾ" ಅಂದು ಹೋಗುತ್ತಾರೆ. ಹೀಗೆ ಹೋಗುವುದನ್ನೆಲ್ಲ ಬರುವುದೆಂದೂ ಆರುವುದನ್ನೆಲ್ಲ ದೊಡ್ಡದಾಗುವುದೆಂದೂ ಕರೆದುಕೊಂಡು ಸುಖವಾಗಿದ್ದ ಜನರ ನಡುವೆ, ತೊಂಬತ್ತರ ದಶಕದ ನಡುಭಾಗದಲ್ಲಿ, ಕ್ರಮವಾಗಿ ಮುಗಿಸದಿದ್ದರೆ ಕೆಟ್ಟುಹೋಗುವ ಒಂದು ಯಂತ್ರ ಬಂದು ಕೂತಿತು.

ಬಂದು ಕೂತದ್ದು ಚಿಂತಾಮಣಿಯಲ್ಲಿ ನಾನು ಕೆಲಸಕ್ಕಿದ್ದ ಟೈಪ್‌ರೈಟಿಂಗ್ ಶಾಲೆಯಲ್ಲಿ. ಅದರ ಮಾಲೀಕರು, ಪ್ರಿನ್ಸಿಪಾಲರು, ಶೀಘ್ರಲಿಪಿ ಪಂಡಿತರು ಎಲ್ಲ ಒಬ್ಬರೇ. ಅರವತ್ತು ದಾಟಿದ್ದ ಅವರನ್ನು ಕೋಟಿಲ್ಲದೆ ಕಂಡವರಿರಲಿಲ್ಲ. ಜೀವಮಾನವಿಡೀ ಕಬ್ಬಿಣದ ಟೈಪ್‌ರೈಟರುಗಳ ನಡುವೆ ನಿಂತು ಪಾಠ ಹೇಳಿದ್ದರಿಂದ ಕಿವಿ ಅರ್ಧ ಕೈಕೊಟ್ಟಿತ್ತು. ತಾವು ನಿರೀಕ್ಷಿಸಿದ ಮಾತು ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು. ಕಾಲ ಬದಲಾಗಿದೆ ಎಂದು ಯಾರೋ ಅವರಿಗೆ ಹೇಳಿದರು. ಅದೂ ಹೇಗೋ ಕೇಳಿಸಿತು. ಒಂದು ಸರ್ವರ್, ಅದಕ್ಕೆ ತಂತಿ ಕಟ್ಟಿದ ನಾಲ್ಕು ಚಿಕ್ಕ ಕಂಪ್ಯೂಟರ್ ತರಿಸಿದರು.

ಸರ್ವರನ್ನು ಒಳಕೋಣೆಯಲ್ಲಿ ಪರದೆಯ ಹಿಂದೆ ಸ್ಥಾಪಿಸಲಾಯಿತು. ಒಳಗೆ ಹೋಗುವವರು ಚಪ್ಪಲಿ ಬಿಡಬೇಕು. ಅದಕ್ಕೆ ಸರ್ವರ್ ಎನ್ನುವ ಹೆಸರು ಯಾರ ಬಾಯಲ್ಲೂ ನಿಲ್ಲಲಿಲ್ಲ. ಹೋಟೆಲಿನಲ್ಲಿ ದೋಸೆ ತಂದುಕೊಡುವವನ ಹೆಸರನ್ನು ಇಷ್ಟು ಬೆಲೆಯ ಸಾಮಾನಿಗೆ ಇಡುವುದು ಪ್ರಿನ್ಸಿಪಾಲರಿಗೂ ಸರಿ ಕಾಣಲಿಲ್ಲ. ಅದು "ದೊಡ್ಡದು" ಆಯಿತು. ಹೊರಗಿನ ನಾಲ್ಕು "ಚಿಕ್ಕವು". ಚಿಕ್ಕವುಗಳಿಗೆ ಸ್ವಂತದ್ದು ಅಂತ ಏನೂ ಇರಲಿಲ್ಲ. ಬೆಳಿಗ್ಗೆ ಎದ್ದ ತಕ್ಷಣ ಏನು ಮಾಡಬೇಕು ಎಂಬುದರಿಂದ ಹಿಡಿದು ಕನ್ನಡದ ಅ ಆ ಇ ಈವರೆಗೆ ಎಲ್ಲವನ್ನೂ ತಂತಿಯ ಮೂಲಕ ದೊಡ್ಡದರಿಂದಲೇ ಇಸಿದುಕೊಳ್ಳಬೇಕು, ಬರೆದದ್ದನ್ನು ತಿರುಗಿ ದೊಡ್ಡದರ ಹೊಟ್ಟೆಗೇ ಹಾಕಬೇಕು. ದೊಡ್ಡದು ಕಣ್ಣು ಮುಚ್ಚಿತೋ, ಚಿಕ್ಕವು ಬಾಯಿ ತೆರೆದದ್ದು ತೆರೆದ ಹಾಗೇ ನಿಂತುಬಿಡುತ್ತಿದ್ದವು. ನಮ್ಮ ತಾಲೂಕಿನ ರಾಜಕೀಯ ಬಲ್ಲ ಯಾರಿಗೂ ಈ ಏರ್ಪಾಡನ್ನು ಎರಡನೇ ಸಲ ವಿವರಿಸಬೇಕಾಗಿ ಬರಲಿಲ್ಲ.

ಇವನ್ನು ಕೂಡಿಸಿಕೊಡಲು ಬೆಂಗಳೂರಿನಿಂದ ಬಂದಿದ್ದವನು ಆರಿಸುವ ಕ್ರಮವನ್ನೂ ಹೇಳಿಕೊಟ್ಟ. ಚಿಕ್ಕವುಗಳ ಮೂಲಕ ದೊಡ್ಡದರ ಒಳಗೆ ಎಷ್ಟು ಜನ ಇದ್ದಾರೆ ಎಂದು ಅದರ ತೆರೆಯ ಮೇಲೆ ನೋಡಬೇಕು. ಅವರಿಗೆಲ್ಲ ತಿಳಿಸಬೇಕು. ಅವರು ತಮ್ಮ ತಮ್ಮ ಕೆಲಸ ಉಳಿಸಿಕೊಂಡು ಆಚೆ ಬರಬೇಕು. ಎಲ್ಲರೂ ಬಂದಮೇಲೆ ಒಂದು ಪದ ಬರೆದರೆ ಅದು ತನ್ನ ಲೆಕ್ಕವನ್ನೆಲ್ಲ ಒಪ್ಪಮಾಡಿಕೊಂಡು ನೆಮ್ಮದಿಯಾಗಿ ಮಲಗುತ್ತದೆ. ಇನ್ನೂ ಯಾರಾದರೂ ಉಳಿದಿದ್ದರೆ, ಇಂಥವರು ಇದ್ದಾರಲ್ಲ, ಆದರೂ ಮಲಗಲೇ ಎಂದು ಕೇಳುತ್ತದೆ. ಹೌದು ಅಂದರೆ ನಂಬುತ್ತದೆ. ಆ ಯಂತ್ರದಲ್ಲಿ ನನಗೆ ಕಂಡ ದೋಷ ಅದೊಂದೇ.

"ಯಾವ ಪದ ಬರೀಬೇಕು ಅಂದ್ರಿ?" ಎಂದು ಕೇಳಿದರು ಪ್ರಿನ್ಸಿಪಾಲರು.

"ಡೌನ್ ಅಂತ ಸಾರ್."

"ನಮ್ಮ ಸಂಸ್ಥೆಗಾ?"

"ಸಂಸ್ಥೆಗಲ್ಲ ಸಾರ್, ಸರ್ವರ್‌ಗೆ."

"ಸರ್ವರ್ ಸಂಸ್ಥೆ ಒಳಗೇ ತಾನೆ ಇರೋದು? ಬೇರೆ ಯಾವ್ದಾದ್ರೂ ಒಳ್ಳೆ ಮಾತು ತಗೊಳ್ಳಲ್ವಾ ಅದು?"

"ಇದೊಂದೇ ತಗೊಳ್ಳೋದು ಸಾರ್."

ಪ್ರಿನ್ಸಿಪಾಲರು ಯೋಚಿಸಿ ತೀರ್ಮಾನ ಕೊಟ್ಟರು. ಬರೆಯುವುದು ಬರೆಯೋಣ, ಬಾಯಲ್ಲಿ ಯಾರೂ ಅನ್ನಕೂಡದು. ಅಂದಿನಿಂದ ನಮ್ಮಲ್ಲಿ ಸರ್ವರ್ ಡೌನ್ ಆಗಲಿಲ್ಲ. ದೊಡ್ಡದನ್ನು ದೊಡ್ಡದು ಮಾಡಲಾಗುತ್ತಿತ್ತು. ಕೊನೆಯ ಕೀಲಿ ಒತ್ತುವ ಅಧಿಕಾರವನ್ನೂ ಅವರು ತಾವೇ ಇಟ್ಟುಕೊಂಡರು. ಬೂಟು ಬಿಚ್ಚಿ, ಕೋಟಿನ ಗುಂಡಿ ಹಾಕಿ, ಬಲಗೈ ತೋರುಬೆರಳಿನಲ್ಲಿ ಒತ್ತುತ್ತಿದ್ದರು. ಉಳಿದ ಕೆಲಸವೆಲ್ಲ ನನ್ನದು.

ದಿನಕ್ಕೊಂದು ಸಲ ಸಂಜೆ ಮಾತ್ರ ಆರಿಸುವುದಾಗಿದ್ದರೆ ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಆದರೆ ಚಿಂತಾಮಣಿಯ ಕರೆಂಟಿಗೆ ತನ್ನದೇ ಮನಸ್ಸಿತ್ತು. ಅದು ಹೋದಾಗ ಒಂದು ಬ್ಯಾಟರಿ ಪೆಟ್ಟಿಗೆ ಕೀಂಯ್ ಎಂದು ಅಳುತ್ತ ಎಲ್ಲವನ್ನೂ ಹೊರುತ್ತಿತ್ತು. ಹೊರುವುದೆಂದರೆ ಒಬ್ಬ ಮನುಷ್ಯ ಆತುರವಿಲ್ಲದೆ ಒಂದು ಕಾಫಿ ಕುಡಿಯುವಷ್ಟು ಹೊತ್ತು. ಅಷ್ಟರೊಳಗೆ ಎಲ್ಲರನ್ನೂ ಆಚೆ ಕರೆತಂದು ದೊಡ್ಡದನ್ನು ಮಲಗಿಸದಿದ್ದರೆ, ಅದು ತಾನೇ ಬಿದ್ದು, ಮತ್ತೆ ಏಳುವಾಗ ತನ್ನ ಹೊಟ್ಟೆಯಲ್ಲಿದ್ದದ್ದು ಅರ್ಧ ಮರೆತಿರುತ್ತಿತ್ತು.

ಹೊರಗಿನವರಿಗೆ ತಿಳಿಸಲು ಒಂದು ಉಪಾಯ ಯಂತ್ರದಲ್ಲೇ ಇತ್ತು. ಒಳಗೆ ಒಂದು ಸಾಲು ಬರೆದರೆ ಅದು ನಾಲ್ಕೂ ಚಿಕ್ಕವುಗಳ ತೆರೆಯ ಕೆಳಗೆ ಮೂಡುತ್ತಿತ್ತು. ಸಾಲು ಯಾವುದಿರಬೇಕು ಎಂದು ಪ್ರಿನ್ಸಿಪಾಲರು ಒಂದು ಬೆಳಗಿನ ಹೊತ್ತನ್ನೇ ಅದಕ್ಕೆ ಮೀಸಲಿಟ್ಟು ರಚಿಸಿದರು: "ಮಾನ್ಯರೇ, ವಿದ್ಯುತ್ ಕಡಿತದ ನಿಮಿತ್ತ ತಾವೆಲ್ಲರೂ ದಯಮಾಡಿ ತಮ್ಮ ತಮ್ಮ ಕೆಲಸಗಳನ್ನು ಉಳಿಸಿಕೊಂಡು ಹೊರಗೆ ಬರಬೇಕಾಗಿ ವಿನಂತಿ." ಚಿಕ್ಕವುಗಳಿಗೆ ಕನ್ನಡ ಹಂಚುತ್ತಿದ್ದ ದೊಡ್ಡದರ ಸ್ವಂತ ತೆರೆಯ ಮೇಲೆ ಕನ್ನಡ ಅಕ್ಷರ ಮೂಡುತ್ತಿರಲಿಲ್ಲವಾದ್ದರಿಂದ ನಾನು ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದೆ. ಯಂತ್ರಕ್ಕೆ ಅಷ್ಟು ಉದ್ದದ ಮರ್ಯಾದೆ ಗೊತ್ತಿರಲಿಲ್ಲ. ಅರ್ಧ ಸಾಲಿಗೆ ಕತ್ತರಿಸಿಬಿಡುತ್ತಿತ್ತು. ಇಂಗ್ಲಿಷಿನವರಾದರೆ ಕ್ರಿಯಾಪದವನ್ನು ಮುಂದೆಯೇ ಎಸೆದು ನಿಶ್ಚಿಂತರಾಗಿರುತ್ತಾರೆ. ನಾವು ಕೊನೆಗಿಟ್ಟುಕೊಂಡಿದ್ದೇವೆ. ಹೀಗಾಗಿ ಹೊರಗೆ ಕೂತವರಿಗೆ ಕಂಡದ್ದು ಇಷ್ಟೇ: "ಮಾನ್ಯರೇ, ವಿದ್ಯುತ್ ಕಡಿತದ ನಿಮಿತ್ತ ತಾವೆಲ್ಲರೂ ದಯಮಾಡಿ".

ಎಲ್ಲರೂ ದಯಮಾಡಿ ಕೂತೇ ಇದ್ದರು.

"ಏನ್ ಮಾಡ್ಬೇಕಂತೆ?" ಎಂದ ಮುರುಗಮಲ್ಲದ ಕಡೆಯಿಂದ ಬರುತ್ತಿದ್ದ ಒಬ್ಬ ವಿದ್ಯಾರ್ಥಿ.

"ದಯ ಮಾಡ್ಬೇಕಂತೆ," ಎಂದರು ಪಕ್ಕದ ಯಂತ್ರದಲ್ಲಿ ತಮ್ಮ ಜಮೀನಿನ ಅರ್ಜಿಗಳನ್ನು ತಾವೇ ಬಡಿಯುತ್ತಿದ್ದ ನಿವೃತ್ತ ರೆವಿನ್ಯೂ ಇನ್ಸ್‌ಪೆಕ್ಟರು. "ಕರೆಂಟಿನ ಮೇಲೆ ದಯ. ಪಾಪಂ, ಅದೂ ಎಷ್ಟೂಂತ ದುಡೀತದೆ."

ಸಾಲನ್ನು ಚಿಕ್ಕದು ಮಾಡೋಣ, "ಆಚೆ ಬನ್ನಿ" ಅಂದರೆ ಸಾಕು ಎಂದು ನಾನು ಹೇಳಿ ನೋಡಿದೆ. ಫೀಸು ಕೊಟ್ಟು ಬರುವವರನ್ನು ಹಾಗೆ ಹಟ್ಟಿಯಿಂದ ದನ ಎಬ್ಬಿಸಿದಂತೆ ಎಬ್ಬಿಸಲಾಗುತ್ತದೆಯೇ ಎಂದು ಪ್ರಿನ್ಸಿಪಾಲರು ಕೇಳಿದರು. ಅದಕ್ಕೆ ಬದಲು ಬಾಯಿಮಾತಿನ ಪದ್ಧತಿಯೊಂದನ್ನು ಜಾರಿಗೆ ತಂದರು. ಕರೆಂಟು ಹೋದ ಕೂಡಲೇ ಪರದೆಯ ಒಳಗಿನಿಂದ ಅವರು ಯಂತ್ರಗಳ ನಂಬರು ಕೂಗುವುದು; ಕೆಲಸ ಉಳಿಸಿ ಆಚೆ ಬಂದವರು "ಬರ್ತೀನಿ" ಎಂದು ಓಗೊಡುವುದು. "ಹೋದೆ", "ಮುಗೀತು", "ಆಯ್ತು" ಇವು ನಿಷಿದ್ಧ. ಶಾಲೆಗಳಲ್ಲಿ ಹಾಜರಿ ಕರೆಯುವುದನ್ನು ನಾವೆಲ್ಲ ಕಂಡಿದ್ದೇವೆ; ಗೈರುಹಾಜರಿಯನ್ನು ನಂಬರು ಹಿಡಿದು ಕರೆದು ಉತ್ತರ ಪಡೆದದ್ದು ನಮ್ಮ ಸಂಸ್ಥೆ ಒಂದೇ ಇರಬೇಕು.

ಆಶ್ಚರ್ಯವೆಂದರೆ ಪದ್ಧತಿ ನಡೆಯಿತು. "ಒಂದು?" "ಬರ್ತೀನಿ ಸಾರ್." "ಎರಡು?" "ವಸ್ತಾನಪ್ಪಾ." ರೆವಿನ್ಯೂ ಇನ್ಸ್‌ಪೆಕ್ಟರಿಗೆ ತೆಲುಗಿನಲ್ಲಿ ಹೇಳುವ ವಿಶೇಷ ಅನುಮತಿ ಇತ್ತು. ಶಿವರಾತ್ರಿ ಕಳೆಯುವವರೆಗೂ ದೊಡ್ಡದು ಯಾರನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಮಲಗಲಿಲ್ಲ. ಪ್ರಿನ್ಸಿಪಾಲರು ಈ ವಿಧಾನವನ್ನು ಬೆಂಗಳೂರಿಗೂ ಬರೆದು ತಿಳಿಸಬೇಕೆಂದಿದ್ದರು.

ಆಗ ಬಂತು ಸ್ಮರಣ ಸಂಚಿಕೆ.

ಶಿಡ್ಲಘಟ್ಟದ ರಸ್ತೆಯಲ್ಲಿದ್ದ ಒಂದು ಹೈಸ್ಕೂಲಿಗೆ ಇಷ್ಟು ವರ್ಷ ಆಯಿತೆಂದು ಆಡಳಿತ ಮಂಡಳಿಯವರು ಒಂದು ಸಂಚಿಕೆ ತರಲು ಹೊರಟಿದ್ದರು. ಮಂಡಳಿಯ ಅಧ್ಯಕ್ಷರು ರೇಷ್ಮೆಗೂಡಿನ ದೊಡ್ಡ ವ್ಯಾಪಾರಿ. ಸಂಚಿಕೆಯ ಬರಹವೆಲ್ಲ ನಮ್ಮಲ್ಲಿ ಕಂಪ್ಯೂಟರಿನಲ್ಲಿ ತಯಾರಾಗಿ, ಚಿಕ್ಕಬಳ್ಳಾಪುರದ ಪ್ರೆಸ್ಸಿಗೆ ಹೋಗಿ ಅಚ್ಚಾಗಬೇಕು. ಅದನ್ನು ಟೈಪ್ ಮಾಡಲು ಮೂರನೇ ನಂಬರಿನಲ್ಲಿ ಕೂತವರು ದಿಬ್ಬೂರಹಳ್ಳಿ ಕಡೆಯ ಒಬ್ಬ ಹೆಣ್ಣುಮಗಳು. ಬಿ.ಎ. ಮುಗಿಸಿ, ಟೈಪಿಂಗಿನಲ್ಲಿ ಸೀನಿಯರ್ ಪಾಸು ಮಾಡಿ, ದಿನಾ ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ಮಾತು ಕಡಿಮೆ. ಆಡಿದರೆ ಅದಕ್ಕೆ ಉತ್ತರ ಹುಡುಕಲು ಎದುರಿನವರಿಗೆ ಸ್ವಲ್ಪ ಹೊತ್ತು ಬೇಕಾಗುತ್ತಿತ್ತು.

ಆ ಹೈಸ್ಕೂಲಿನಲ್ಲಿ ಗುಮಾಸ್ತರ ಜಾಗವೊಂದು ಖಾಲಿ ಇತ್ತು. ಸಂಚಿಕೆಯನ್ನು ಕಾಲಕ್ಕೆ ಸರಿಯಾಗಿ ಮುಗಿಸಿಕೊಟ್ಟರೆ ಆ ಕೆಲಸ ಆಕೆಗೇ ಎಂದು ಅಧ್ಯಕ್ಷರು ಮಂಡಳಿಯವರ ಮುಂದೆ, ಹೆಡ್‌ಮಾಸ್ಟರ ಮುಂದೆ, ಎರಡು ಪ್ಲೇಟು ಖಾರದ ಬೋಂಡದ ಉತ್ಸಾಹದಲ್ಲಿ ಮಾತು ಕೊಟ್ಟಿದ್ದರು. ಕೊಟ್ಟಮೇಲೆ ಮನೆಗೆ ಹೋಗಿ ನೋಡಿದರೆ ಅವರ ಬಾಮೈದನ ಮಗನೊಬ್ಬ ಕೆಲಸವಿಲ್ಲದೆ ಇದ್ದಾನೆಂದು ಅವರ ಹೆಂಡತಿ ನೆನಪಿಸಿದರು. ಕೊಟ್ಟ ಮಾತನ್ನು ತಿರುಗಿ ತೆಗೆದುಕೊಳ್ಳಲು ಆಕೆಯ ಕಡೆಯಿಂದ ಒಂದು ತಪ್ಪು ಬೇಕಿತ್ತು. ಆಕೆ ಮಾಡುತ್ತಿರಲಿಲ್ಲ. ಇದು ಆಕೆಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಬಾಮೈದನ ಮಗನಂತೂ ಬಹಿರಂಗವಾಗಿಯೇ ಹೊಸ ಪ್ಯಾಂಟು ಹೊಲಿಸಿದ್ದ.

ಅಧ್ಯಕ್ಷರು ಮೊದಲ ದಿನವೇ ಕುಶಲ ವಿಚಾರಿಸಿದ್ದರು. "ನಿಮ್ಮ ಮನೇಲಿ ಯಾವ ದೇವ್ರಿಗೆ ನಡ್ಕೊಳ್ತೀರಮ್ಮ?"

"ಬುದ್ಧ ಸಾರ್."

"ಓ," ಎಂದರು ಅಧ್ಯಕ್ಷರು. ಆ ಓಕಾರ ಬಹಳ ದೂರ ಹೋಗಿ ಬಂತು. ಮರುದಿನದಿಂದ ಕುಡಿಯುವ ನೀರನ್ನು ಮನೆಯಿಂದಲೇ ಫ್ಲಾಸ್ಕಿನಲ್ಲಿ ತರತೊಡಗಿದರು. ಗಂಟಲಿನ ತೊಂದರೆಯಂತೆ.

ಸಂಚಿಕೆಯಲ್ಲಿ ಎಲ್ಲ ಮುಗಿದು ಉಳಿದದ್ದು "ಅಧ್ಯಕ್ಷರ ಎರಡು ಮಾತು". ವಿಷಯ ಸಮಾನತೆ. ಅದನ್ನು ಬರೆದು ತರುವುದು ತಮ್ಮ ಜಾಯಮಾನವಲ್ಲ, ಬಾಯಲ್ಲಿ ಬರುವುದು ಬರುವ ಹಾಗೇ ಇಳಿಯಬೇಕು ಎಂದು ಅವರು ಮೂರನೇ ಯಂತ್ರದ ಪಕ್ಕ, ಸಂಸ್ಥೆಯಲ್ಲಿದ್ದ ಒಂದೇ ಮೆತ್ತನೆ ಕುರ್ಚಿಯಲ್ಲಿ ಕೂತರು. ಆಕೆ ಶೀರ್ಷಿಕೆ ಹಾಕಿ, ಅದರ ಕೆಳಗೆ "ಆತ್ಮೀಯರೇ," ಎಂದು ಹೊಡೆದು, ಅಭ್ಯಾಸಬಲದಿಂದ ಒಮ್ಮೆ ಉಳಿಸಿದರು. ಉಳಿಸುವಾಗ ಚಿಕ್ಕವುಗಳ ತೆರೆ ಒಂದು ಗಳಿಗೆ ಖಾಲಿಯಾಗುತ್ತಿತ್ತು. ಬರೆದದ್ದು ದೊಡ್ಡದರ ಹತ್ತಿರ ಹೋಗಿ ಮತ್ತೆ ಬರುವಷ್ಟು ಹೊತ್ತು. ಅಧ್ಯಕ್ಷರು ಗಾಬರಿಯಿಂದ ಎದ್ದರು.

"ಎಲ್ಲಮ್ಮ ನನ್ನ ಮಾತು?"

"ಒಳಗಿಡ್ತಿದೀನಿ ಸಾರ್. ಬರ್ತದೆ."

ಬಂತು. ಆದರೆ ಅಧ್ಯಕ್ಷರಿಗೆ ಸಮಾಧಾನವಾಗಲಿಲ್ಲ. ಒಮ್ಮೆ ಕಣ್ಣ ಮುಂದಿನಿಂದ ಹೋದದ್ದು ಹಾಗೇ ತಿರುಗಿ ಬರುತ್ತದೆಂದು ನಂಬಲು ಅವರ ಗೂಡಿನ ವ್ಯಾಪಾರದ ಅನುಭವ ಬಿಡಲಿಲ್ಲ. "ನಾನು ಹೇಳೋದು ಪೂರ್ತಿ ಮುಗಿಯೋಗಂಟ ಇದನ್ನ ಎಲ್ಲಿಗೂ ಕಳಿಸ್ಬೇಡ," ಎಂದು ಅಪ್ಪಣೆ ಮಾಡಿದರು.

"ಮಧ್ಯೆ ಮಧ್ಯೆ ಉಳಿಸ್ಕೊಂಡ್ರೆ ಒಳ್ಳೇದು ಸಾರ್."

"ಲಹರಿ ಕಿತ್ತೋಗ್ತದೆ ಕಣಮ್ಮ. ನೀನು ಹೊಡಿ."

ಆಕೆ ಹೊಡೆದರು. ಎರಡು ಮಾತು ಎಂದರೆ ಎರಡೇ ಇರುವುದಿಲ್ಲ ಎಂಬುದು ನಮಗೂ ತಿಳಿದಿತ್ತು. ಆದರೆ ಇದು ಊಟದ ಹೊತ್ತು ದಾಟಿತು. ಸಮಾನತೆ ಎಂದರೇನು, ಅದು ಯಾರಿಗೆ ಬೇಕು, ತಮ್ಮ ಮನೆತನದಲ್ಲಿ ಅದು ಯಾವ ತಾತನ ಕಾಲದಿಂದ ಇದೆ, ಹೀಗೆ ಸಾಗಿ, ಎಲ್ಲರೂ ಸಮಾನರಾದ್ದರಿಂದ ತಮ್ಮಂಥವರ ಜವಾಬ್ದಾರಿ ಹೆಚ್ಚು ಎಂಬಲ್ಲಿಗೆ ಬಂದಾಗ ಕರೆಂಟು ಹೋಯಿತು. ಫ್ಯಾನು ನಿಂತಿತು. ಪೆಟ್ಟಿಗೆ ಅಳಲು ಶುರು ಮಾಡಿತು.

"ಸಾರ್, ಕರೆಂಟ್ ಹೋಯ್ತು. ಉಳಿಸ್ಬೇಕು," ಎಂದರು ಆಕೆ.

"ಹೋಗ್ಲಿ ಬಿಡು. ಇದು ಓಡ್ತಾ ಐತಲ್ಲ. ಹೊಡಿ: ಆದ್ದರಿಂದ ಬಂಧುಗಳೇ..."

ನಾನು ಮತ್ತು ಪ್ರಿನ್ಸಿಪಾಲರು ಒಳಗೆ ಹೋದೆವು. ಬೂಟು ಬಿಟ್ಟದ್ದಾಯಿತು, ಗುಂಡಿ ಹಾಕಿದ್ದಾಯಿತು. ಪರದೆ ತೆಳ್ಳಗಿನದು, ಆಚೆಯ ಮಾತೆಲ್ಲ ನನಗೆ ಕೇಳುತ್ತಿತ್ತು. ಪ್ರಿನ್ಸಿಪಾಲರು ಕೂಗತೊಡಗಿದರು.

"ಒಂದು?"

"ಬರ್ತೀನಿ ಸಾರ್," ಎಂದ ಮುರುಗಮಲ್ಲದವನು.

"ಎರಡು?"

"ವಸ್ತಾ," ಎಂದರು ರೆವಿನ್ಯೂ ಇನ್ಸ್‌ಪೆಕ್ಟರು.

"ಮೂರು?"

"ಇಲ್ಲ ಸಾರ್, ನಾವಿನ್ನೂ..." ಎಂದು ಆಕೆ ಬಾಯಿ ತೆರೆದರು. ಆದರೆ ಯಾವುದೇ ಕೋಣೆಯಲ್ಲಿ ಯಾವುದೇ ಪ್ರಶ್ನೆ ಎದ್ದರೂ ಅದು ತಮ್ಮನ್ನೇ ಉದ್ದೇಶಿಸಿದ್ದು ಎಂದು ತಿಳಿಯುವುದು ಅಧ್ಯಕ್ಷಗಿರಿಯ ಮೊದಲ ಲಕ್ಷಣ. "ಸುಮ್ನಿರಮ್ಮ, ದೊಡ್ಡೋರು ಮಾತಾಡ್ತಿದ್ದೀವಿ," ಎಂದು ಆಕೆಯನ್ನು ತಡೆದು, ಪರದೆಯ ಕಡೆ ತಿರುಗಿ ಗಂಟಲೆತ್ತಿ ಕೂಗಿದರು: "ಬರ್ತೀನಿ ಕಣ್ರೀ, ಬರ್ತೀನಿ. ಅದೇನು ಅವಸರ."

ಪ್ರಿನ್ಸಿಪಾಲರಿಗೆ ತಾವು ನಿರೀಕ್ಷಿಸಿದ ಪದ, ಎರಡು ಸಲ, ಸ್ಪಷ್ಟವಾಗಿ ಕೇಳಿತು. ನಾಲ್ಕನೆಯ ಯಂತ್ರದಲ್ಲಿ ಅಂದು ಯಾರೂ ಇರಲಿಲ್ಲ. ಬಾಯಲ್ಲಿ ಅನ್ನಕೂಡದ ಆ ಇನ್ನೊಂದು ಪದವನ್ನು ಬರೆಯಲು ಅವರು ಕಣ್ಣಲ್ಲೇ ಸನ್ನೆ ಮಾಡಿದರು, ನಾನು ಬರೆದೆ. ದೊಡ್ಡದು ತನ್ನ ತೆರೆಯ ಮೇಲೆ ಪ್ರಶ್ನೆ ಹಾಕಿತು.

"ಸಾರ್, ಇನ್ನೂ ಒಬ್ರು ಒಳಗಿದ್ದಾರೆ ಅಂತ ತೋರಿಸ್ತಿದೆ. ಮೂರನೇದು," ಎಂದೆ ಅವರ ಕಿವಿಯ ಹತ್ತಿರ.

"ಅಧ್ಯಕ್ಷರು ಬರ್ತೀನಿ ಅಂದ್ರಲ್ಲ."

"ಅಂದ್ರು ಸಾರ್. ಆದ್ರೆ ಇದು ಇದ್ದಾರೆ ಅಂತಿದೆ. ನೋಡ್ಕೊಂಡು ಬರ್ಲಾ?"

ಪ್ರಿನ್ಸಿಪಾಲರು ನನ್ನನ್ನು ಬಹಳ ಬೇಸರದಿಂದ ನೋಡಿದರು. "ಅಲ್ಲಯ್ಯಾ, ಅಷ್ಟು ದೊಡ್ಡ ಮನುಷ್ಯರು ಬಾಯಿಬಿಟ್ಟು ಹೇಳಿದ್ಮೇಲೆ, ಮಿಷನ್ನು ಅಲ್ಲ ಅಂತದೆ ಅಂತ ಎದ್ದೋಗಿ ನೋಡೋದಾ? ಅವ್ರು ಏನಂದ್ಕೊಳ್ತಾರೆ?"

ತೋರುಬೆರಳು ಇಳಿಯಿತು. ಹೌದು ಎಂದರು. ಯಂತ್ರ ನಂಬಿತು. ತನ್ನ ಲೆಕ್ಕ ಒಪ್ಪಮಾಡಿಕೊಂಡು ದೊಡ್ಡದು ಅತ್ಯಂತ ಕ್ರಮವಾಗಿ, ಯಾವ ಲೋಪವೂ ಇಲ್ಲದೆ ದೊಡ್ಡದಾಯಿತು.

ಹೊರಗೆ ಬಂದು ನೋಡಿದರೆ ಮೂರನೇ ತೆರೆಯ ಮೇಲೆ ಅಕ್ಷರಗಳು ಹಾಗೇ ನಿಂತಿದ್ದವು. ಆಕೆ ಕೈ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಹೊಡಿಯಮ್ಮ," ಎಂದರು ಅಧ್ಯಕ್ಷರು.

"ಇನ್ನು ಆಗಲ್ಲ ಸಾರ್. ದೊಡ್ಡದು ಮಲಗ್ತು. ಎಲ್ಲಾ ಹೋಯ್ತು."

"ಎಲ್ಲಿ ಹೋಯ್ತು? ಇಲ್ಲೇ ಕಾಣ್ತಾ ಐತಲ್ಲ."

"ಕಾಣ್ತಿದೆ ಸಾರ್. ಇಲ್ಲ."

ಅಧ್ಯಕ್ಷರು ಬೆರಳಿಂದ ತೆರೆಯನ್ನು ಮುಟ್ಟಿ ನೋಡಿದರು. ಸಮಾನತೆ ಎಂಬ ಪದ ಅವರ ಉಗುರಿನ ಕೆಳಗೇ ಇತ್ತು. ಕಾಣುವಷ್ಟನ್ನಾದರೂ ಕೈಯಲ್ಲಿ ಬರೆದುಕೋ ಎಂದು ಅವರು ಹೇಳಿ, ಆಕೆ ಪೆನ್ನಿನ ಕ್ಯಾಪು ತೆಗೆಯುವಷ್ಟರಲ್ಲಿ ಪೆಟ್ಟಿಗೆ ಅಳು ನಿಲ್ಲಿಸಿತು. ತೆರೆ ಕಪ್ಪಾಗಿ, ಅದರಲ್ಲಿ ಅಧ್ಯಕ್ಷರ ಮುಖ ಮಾತ್ರ ಕಂಡಿತು.

ಮರುದಿನ ವಿಚಾರಣೆ. ನಮ್ಮ ಟೈಪ್‌ರೈಟಿಂಗ್ ಹಾಲಿನಲ್ಲಿ ಅಧ್ಯಕ್ಷರು, ಮಂಡಳಿಯ ಇಬ್ಬರು ಸದಸ್ಯರು, ಹೈಸ್ಕೂಲಿನ ಹೆಡ್‌ಮಾಸ್ಟರು ಕೂತರು. ಬಾಮೈದನ ಮಗ ಹೊಸ ಪ್ಯಾಂಟು ಹಾಕಿಕೊಂಡು ಬಾಗಿಲ ಹತ್ತಿರ ನಿಂತಿದ್ದ. ದಾರಿಯಲ್ಲಿ ಹೋಗುತ್ತಿದ್ದವನು ಸುಮ್ಮನೆ ಬಂದನಂತೆ. ಅಧ್ಯಕ್ಷರು ನೇರವಾಗಿ ವಿಷಯಕ್ಕೆ ಬಂದರು. ಟೈಪಿಸ್ಟರ ಅಜಾಗ್ರತೆಯಿಂದ ಸಂಚಿಕೆಯ ಆತ್ಮವೇ ಹೋಗಿದೆ. ಹೀಗೆ ಅಜಾಗ್ರತೆ ಇರುವವರಿಗೆ ಒಂದು ಶಾಲೆಯ ದಾಖಲೆಗಳನ್ನು ಒಪ್ಪಿಸುವುದು ಹೇಗೆ? ಹಾಗೆಂದು ಅವರು ಬಾಗಿಲ ಕಡೆ ನೋಡಲಿಲ್ಲ. ಉಳಿದವರೆಲ್ಲ ನೋಡಿದರು.

ಪ್ರಿನ್ಸಿಪಾಲರು ಎದ್ದು ನಿಂತರು. ಆಕೆಯ ಪರವಾಗಿ ಅಲ್ಲ, ತಮ್ಮ ಪದ್ಧತಿಯ ಪರವಾಗಿ. "ಕ್ಷಮಿಸ್ಬೇಕು. ವಿಧಿಯಲ್ಲಿ ಏನೂ ಲೋಪ ಇಲ್ಲ. ನಾನು ಮೂರು ಅಂತ ಕೂಗ್ದೆ, ತಾವು ಬರ್ತೀನಿ ಅಂದ್ರಿ."

"ಬರ್ತೀನಿ ಅಂದ್ರೆ ಬರ್ತೀನಿ ಅಂತ. ಸ್ವಲ್ಪ ತಡೀರಿ, ಬರ್ತೀನಿ ಅಂತ."

"ನಮ್ಮಲ್ಲಿ ಬರ್ತೀನಿ ಅಂದ್ರೆ ಹೋದೆ ಅಂತ."

"ಅದ್ಯಾವೂರಲ್ಲಿ ರೀ?"

"ಎಲ್ಲಾ ಊರಲ್ಲೂ. ತಾವು ಬೆಳಿಗ್ಗೆ ಮನೆ ಬಿಡೋವಾಗ ಅಮ್ಮಾವ್ರಿಗೆ ಏನಂತ ಹೇಳಿ ಬಿಟ್ರಿ?"

ಅಧ್ಯಕ್ಷರು ಏನು ಹೇಳಿ ಬಂದಿದ್ದರೆಂಬುದು ಎಲ್ಲರಿಗೂ ಗೊತ್ತಿತ್ತು. ವ್ಯಾಕರಣ ಬಲ್ಲವರೆಂದು ಹೆಡ್‌ಮಾಸ್ಟರನ್ನು ಕೇಳಲಾಯಿತು. ಅವರು ಕನ್ನಡಕ ಒರೆಸಿ, ರೂಪ ವರ್ತಮಾನದ್ದು, ಬಳಕೆ ಭವಿಷ್ಯತ್ತಿನದು, ಲೋಕರೂಢಿಯಲ್ಲಿ ಭೂತಕ್ಕೂ ಸಲ್ಲುತ್ತದೆ, ಆದ್ದರಿಂದ ಇಬ್ಬರೂ ಸರಿ ಎಂದರು. ಅವರ ಸಂಬಳದ ಬಿಲ್ಲಿಗೆ ಅಧ್ಯಕ್ಷರ ಸಹಿ ಬೇಕಿತ್ತು. ಅಷ್ಟಾದರೂ ಹೇಳಿದ್ದು ದೊಡ್ಡದು. ಸಾಕ್ಷಿ ಹೇಳಲು ಬಂದಿದ್ದ ರೆವಿನ್ಯೂ ಇನ್ಸ್‌ಪೆಕ್ಟರು, ತಾವು ಮಾತ್ರ ವಸ್ತಾ ಅಂದದ್ದು, ಬರ್ತೀನಿ ವಿಚಾರ ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ಹೇಳಿ ಕೂತರು.

ಅಷ್ಟು ಹೊತ್ತು ಗೋಡೆಗೆ ಒರಗಿ ನಿಂತಿದ್ದ ಆಕೆ ಆಗ ಕೇಳಿದರು. "ನಾನೊಂದ್ ಮಾತ್ ಹೇಳ್ಲಾ ಸಾರ್?"

"ಹೇಳಮ್ಮ," ಎಂದರು ಸದಸ್ಯರಲ್ಲಿ ಒಬ್ಬರು, ಬೇರೆ ಯಾರೂ ಅನ್ನದ್ದರಿಂದ.

"ಬರ್ತೀನಿ ಅಂದ್ರೆ ಇನ್ನೂ ಒಳಗಿದೀನಿ ಅಂತಾದ್ರೆ, ಆರಿಸಿದ್ದು ಪ್ರಿನ್ಸಿಪಾಲರ ತಪ್ಪು. ಬರ್ತೀನಿ ಅಂದ್ರೆ ಆಚೆ ಬಂದೆ ಅಂತಾದ್ರೆ, ಹಾಗಂದಿದ್ದು ಅಧ್ಯಕ್ಷರ ತಪ್ಪು. ಎರಡು ಅರ್ಥದಲ್ಲೂ ನಾನಿಲ್ಲ ಸಾರ್. ಇಲ್ಲ ಅನ್ನೋಕೆ ಹೋದೆ, ಸುಮ್ನಿರು ಅಂದ್ರು. ಸುಮ್ನಿದ್ದೆ. ಅದು ಅಜಾಗ್ರತೆ ಆದ್ರೆ ಹೇಳಿ, ಇನ್ಮೇಲೆ ಸುಮ್ನಿರಲ್ಲ."

ಒಬ್ಬ ಸದಸ್ಯರಿಗೆ ನಗು ಬಂತು. ಅದನ್ನು ಕೆಮ್ಮಾಗಿ ತಿರುಗಿಸಲು ಹೋಗಿ ಎರಡನ್ನೂ ಕೆಡಿಸಿಕೊಂಡರು. ಅಧ್ಯಕ್ಷರು ಫ್ಲಾಸ್ಕಿನ ಮುಚ್ಚಳ ತಿರುಗಿಸಿ ನೀರು ಕುಡಿದರು. ಪ್ರಿನ್ಸಿಪಾಲರ ತಪ್ಪು ಅಂದರೆ ಸಂಚಿಕೆ ಇಲ್ಲಿಂದ ಆಚೆ ಹೋಗುವುದಿಲ್ಲ. ತಮ್ಮ ತಪ್ಪು ಅನ್ನುವುದು ಸಭಾಮರ್ಯಾದೆಗೆ ಹೊರಗಿನದು. ಮೂರನೆಯ ದಾರಿಯನ್ನು ಆಕೆ ಮುಚ್ಚಿದ್ದರು. ಹೀಗೆ ಎಲ್ಲರೂ ಸಿಕ್ಕಿಕೊಂಡು ಕೂತಿದ್ದಾಗ ಇನ್ನೊಬ್ಬ ಸದಸ್ಯರು ಮೆಲ್ಲಗೆ, "ಹಂಗ್ ನೋಡಿದ್ರೆ ತಪ್ಪು ಕರೆಂಟಿಂದಲ್ವಾ?" ಎಂದರು.

ಸಭೆಗೆ ಸಭೆಯೇ ಉಸಿರು ಬಿಟ್ಟಿತು. ಕರೆಂಟು ಅಲ್ಲಿ ಇರಲಿಲ್ಲ, ಉತ್ತರ ಕೊಡುವಂತಿರಲಿಲ್ಲ, ಯಾರ ಬಾಮೈದನೂ ಆಗಿರಲಿಲ್ಲ. ತಪ್ಪು ವಿದ್ಯುತ್ತಿನದೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ಹೊರಡುವಾಗ ಅಧ್ಯಕ್ಷರು ಅಭ್ಯಾಸದಂತೆ "ಬರ್ತೀನಿ" ಎಂದು, ನಾವೆಲ್ಲ ನೋಡುತ್ತಿರುವುದನ್ನು ಕಂಡು, "ಅಂದ್ರೆ, ಹೊರಡ್ತೀನಿ" ಎಂದು ತಿದ್ದಿದರು.

ಎರಡು ಮಾತನ್ನು ಮತ್ತೆ ಬರೆಸಬೇಕಲ್ಲ. ಅಧ್ಯಕ್ಷರು ಬಂದು ಮೆತ್ತನೆ ಕುರ್ಚಿಯಲ್ಲಿ ಕೂತರು.

"ಏನು ಹೇಳಿದ್ನಮ್ಮ ನಾನು ಅವತ್ತು?"

"ಸಮಾನತೆ ಬಗ್ಗೆ ಸಾರ್."

"ಅದು ಸರಿ. ಏನಂತ ಹೇಳಿದ್ದೆ?"

ಆಕೆ ಯೋಚಿಸಿದರು. "ಒಳ್ಳೇದು ಅಂತ ಸಾರ್."

"ಅಷ್ಟೇನಾ?"

"ನನಗೆ ಗೊತ್ತಾಗಿದ್ದು ಅಷ್ಟೇ ಸಾರ್."

ಲಹರಿ ಬರಲಿಲ್ಲ. ದೊಡ್ಡದರ ಹೊಟ್ಟೆಯಲ್ಲಿ ಸುರಕ್ಷಿತವಾಗಿ ಉಳಿದದ್ದು ಶೀರ್ಷಿಕೆ ಮತ್ತು "ಆತ್ಮೀಯರೇ," ಮಾತ್ರ. ಚಿಕ್ಕಬಳ್ಳಾಪುರದ ಪ್ರೆಸ್ಸಿನವರು ದಿನವೂ ಫೋನು ಮಾಡುತ್ತಿದ್ದರು. ಕೊನೆಗೆ ಅದನ್ನೇ ಕಳಿಸಿ, ಉಳಿದ ಜಾಗಕ್ಕೆ ಅಧ್ಯಕ್ಷರ ಭಾವಚಿತ್ರವನ್ನು ಪುಟ ತುಂಬುವಷ್ಟು ಹಿಗ್ಗಿಸಿ ಹಾಕಿಸಲಾಯಿತು. ಬಿಡುಗಡೆ ಮಾಡಿದ ಮುಖ್ಯ ಅತಿಥಿಗಳು ಸಂಚಿಕೆಯ ಎಲ್ಲ ಲೇಖನಗಳಲ್ಲಿ ಅಧ್ಯಕ್ಷರದ್ದೇ ತಮಗೆ ಹೆಚ್ಚು ಹಿಡಿಸಿತು, ಹೇಳಬೇಕಾದ್ದನ್ನು ಹೇಳಿ ನಿಲ್ಲಿಸಿದ್ದಾರೆ ಎಂದು ವೇದಿಕೆಯಲ್ಲೇ ಮೆಚ್ಚಿಕೊಂಡರು. ಅಧ್ಯಕ್ಷರು ಕೈಮುಗಿದು ಒಪ್ಪಿಕೊಂಡರು. ಹಾಗೆ ಒಪ್ಪಿಕೊಂಡ ಬಳಿಕ, ಅದೇ ವೇದಿಕೆಯಲ್ಲಿ, ಸಂಚಿಕೆ ಟೈಪ್ ಮಾಡಿದವರ ಕೆಲಸ ಚೆನ್ನಾಗಿಲ್ಲ ಎನ್ನಲು ಅವರಿಗೆ ಬಾಯಿ ಉಳಿಯಲಿಲ್ಲ. ಹೆಡ್‌ಮಾಸ್ಟರು ಆರ್ಡರಿನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡೇ ಬಂದಿದ್ದರು. ಸಹಿ ಅಲ್ಲೇ ಬಿತ್ತು.

ನಮ್ಮ ವಿಧಿಯಲ್ಲಿ ಒಂದು ತಿದ್ದುಪಡಿಯಾಯಿತು. ನಂಬರು ಕೂಗುವುದು, ಬರ್ತೀನಿ ಅನ್ನುವುದು ಎಲ್ಲ ಮೊದಲಿನಂತೆಯೇ. ಪ್ರಿನ್ಸಿಪಾಲರು ಅದನ್ನು ಬಿಡಲೊಪ್ಪಲಿಲ್ಲ. ಆದರೆ ಬೆರಳಿಡುವ ಮುಂಚೆ ನಾನು ಪರದೆ ಸರಿಸಿ ಒಮ್ಮೆ ಹೊರಗೆ ಇಣುಕಬಹುದು. ಯಾರಾದರೂ ನೋಡಿದರೆ ಗಾಳಿಗೆಂದು ಹೇಳಬೇಕು.

ಆಕೆ ಜೂನ್ ತಿಂಗಳಲ್ಲಿ ಹೈಸ್ಕೂಲಿನ ಕೆಲಸಕ್ಕೆ ಸೇರಿದರು. ಬಾಮೈದನ ಮಗ ಅದೇ ತಿಂಗಳು ನಮ್ಮಲ್ಲಿ ಟೈಪಿಂಗ್ ಕಲಿಯಲು ಸೇರಿದ. ಅವನಿಗೆ ಮೂರನೇ ನಂಬರು ಕೊಟ್ಟೆವು.